ಮೇಣದ ಬಿರಡೆ

ಬಸ್ಸು ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಆನಂದಕುಮಾರನಿಗೆ ಮಾವ ಇವತ್ತು ಏನೇನು ಅನ್ನಬಹುದು ಎಂಬುದೆಲ್ಲ ಬಾಯಿಪಾಠವಾಗಿಹೋಗಿತ್ತು. ಬಾರಪ್ಪ ಗಾಜಿನ ಅಳಿಯ ಅನ್ನುತ್ತಾನೆ. ಕಾಲಿಗೆ ನೀರು ಕೊಡುವ ಮುಂಚೆಯೇ ಕತ್ತೆತ್ತಿ ಮಹಡಿಯ ಕಿಟಕಿ ತೋರಿಸುತ್ತಾನೆ. ಪಕ್ಕದಲ್ಲಿ ಯಾರಾದರೂ ಇದ್ದರಂತೂ ಹಬ್ಬವೇ ಸರಿ, ಯಾರೂ ಇರದಿದ್ದರೆ ಕಳಿಸಿ ಕರೆಸುತ್ತಾನೆ. ಮನಸ್ಸಿನೊಳಗೆ ಮಾವನಿಗೆ ಏಕವಚನ, ಬಾಯಲ್ಲಿ ನೀವು ತಾವು. ಅಳಿಯಂದಿರ ಪಾಡೇ ಇಷ್ಟು. ಮುಂದಿನ ಸೀಟಿನ ಪಕ್ಕದ ಗಾಜು ಗಡಗಡ ಅನ್ನುತ್ತಿತ್ತು, ರಬ್ಬರು ಎದ್ದುಬಂದು ನಾಲಗೆಯ ಹಾಗೆ ಜೋತಿತ್ತು. ಅದನ್ನು ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಈ ಉದ್ಯೋಗಕ್ಕೆ ಬಂದಮೇಲೆ ಹಾಗೇ ಆಗಿದೆ, ಯಾರ ಮನೆಗೆ ಹೋದರೂ ಮನುಷ್ಯರ ಮುಖಕ್ಕಿಂತ ಮುಂಚೆ ಕಿಟಕಿ ಕಾಣುತ್ತದೆ. ಬೆಂಗಳೂರಿನ ಒಂದು ಕಂಪನಿಯ ಜೋಡಿಗಾಜಿನ ಕಿಟಕಿಗಳನ್ನು ಹಿಂದೂಪುರದ ಸುತ್ತಮುತ್ತ ಮಾರುವವನು ಅವನು. ಕೆಟ್ಟರೆ ಹೋಗಿ ನೋಡಿ, ತಪ್ಪು ಕಂಪನಿಯದೋ ಮನೆಯವರದೋ ಎಂದು ತೀರ್ಮಾನ ಹೇಳುವವನೂ ಅವನೇ. ಎರಡು ಗಾಜು, ನಡುವೆ ಬೆರಳಗಲದ ಜಾಗ, ಅದರೊಳಗೆ ಒಣಗಾಳಿ ತುಂಬಿ ಸುತ್ತ ಅಂಟು ಹಾಕಿ ಬಿಗಿದಿರುತ್ತಾರೆ ಸಾರ್, ಬಿಸಿಲು ಬರಲ್ಲ, ದೂಳು ಬರಲ್ಲ, ಸದ್ದು ಬರಲ್ಲ, ಹತ್ತು ವರ್ಷ ವಾರಂಟಿ. ಈ ಮಾತನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಒಪ್ಪಿಸಬಲ್ಲ. ಹಾಗೆ ಒಪ್ಪಿಸಿ ಒಪ್ಪಿಸಿಯೇ ಕಲ್ಯಾಣದುರ್ಗದ ಮಾವನಿಗೂ ಮಾರಿದ್ದು. ಕಲ್ಯಾಣದುರ್ಗದಲ್ಲಿ ಜೋಡಿಗಾಜು ಕಂಡ ಮೊದಲ ಮನೆ ಎಂದು ಮಾವ ಸೀತಾರಾಮಪ್ಪ ಆಗ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ವಾರಂಟಿ ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ಅದಕ್ಕೂ ಅರಿಶಿನ ಕುಂಕುಮ ಹಚ್ಚಿಸಿದ್ದರು. ಅದನ್ನು ಯಾರೂ ಓದಲಿಲ್ಲ, ಪೂಜೆ ಮಾತ್ರ ತಪ್ಪಲಿಲ್ಲ.

ಈಗ ಆ ಮನೆಯ ಮುಖಕ್ಕೇ ಪೊರೆ ಬಂದಿತ್ತು. ಬೀದಿಗೆ ಎದುರಾದ ಮಹಡಿಯ ದೊಡ್ಡ ಕಿಟಕಿಯಲ್ಲಿ ಎರಡು ಗಾಜುಗಳ ನಡುವೆ ಬಿಳಿ ಮಂಜು ಕಟ್ಟಿತ್ತು, ಹೊರಗಿನಿಂದ ಒರೆಸಿದರೂ ಹೋಗದು, ಒಳಗಿನಿಂದ ಒರೆಸಿದರೂ ಹೋಗದು. ಮಾವನ ಅಂಗಡಿಗೆ ಸೀರೆ ಕೊಳ್ಳಲು ಬಂದ ಗಿರಾಕಿಗಳು, ಏನ್ ಸೀತಾರಾಮಪ್ಪನೋರೆ, ಮನೆಗೆ ಕಣ್ಣಾಪರೇಷನ್ ಮಾಡಿಸಬೇಕೇನೋ ಅಂತ ಕೇಳಿದರಂತೆ. ಇದನ್ನು ಮಾವ ಫೋನಿನಲ್ಲಿ ಮಗಳು ಶಿರೀಷಾಳಿಗೆ ಹೇಳಿದ್ದರು. ಶಿರೀಷಾ ಗಂಡನಿಗೆ ಹೇಳುವಾಗ ಅರ್ಧ ನುಂಗಿಕೊಂಡಳು. ನುಂಗಿದ್ದು ಏನಿರಬಹುದು ಎಂದು ಅವನು ರೊದ್ದಂವರೆಗೂ ಯೋಚಿಸಿದ. ಆ ಕಿಟಕಿ ಇದ್ದದ್ದು ಅತ್ತೆಯ ಮಗ್ಗದ ಕೋಣೆಗೆ. ಅತ್ತೆ ಬನಶಂಕರಮ್ಮ ಬರೀ ಹೆಂಡತಿಯ ತಾಯಿಯಲ್ಲ, ಅವನ ಸ್ವಂತ ಸೋದರತ್ತೆ. ಹಿಂದೂಪುರದ ಅವನ ಮನೆಯಲ್ಲೇ ಹುಟ್ಟಿ, ಅದೇ ಮನೆಯ ಕುಣಿ ಮಗ್ಗದಲ್ಲಿ ಕೂತು ಕೈ ತಿದ್ದಿಕೊಂಡವಳು. ಸೀತಾರಾಮಪ್ಪ ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರಿದ ಮೊದಲ ಸೀರೆಗಳೆಲ್ಲ ಆಕೆ ನೇಯ್ದವು. ಆಮೇಲೆ ಅಂಗಡಿಯಾಯಿತು, ಕಾರಾಯಿತು, ಯಜಮಾನನ ಹೆಂಡತಿ ಮಗ್ಗದ ಮುಂದೆ ಕೂತರೆ ಮರ್ಯಾದೆ ಏನುಳಿಯಿತು ಅನ್ನುವ ಕಾಲ ಬಂತು. ಹೊಸ ಮನೆಗೆ ಮಗ್ಗ ಬರುವುದಾದರೆ ಮಾತ್ರ ನಾನೂ ಬತ್ತೀನಿ ಎಂದು ಅತ್ತೆ ಒಂದೇ ಹಟ ಹಿಡಿದಳು. ಹುಟ್ಟಿದಂದಿನಿಂದ ಆಕೆ ಹಿಡಿದ ಹಟ ಅದೊಂದೇ ಇರಬೇಕು. ಗೃಹಪ್ರವೇಶದ ದಿನ ಬಂಧುಬಳಗದ ಎದುರಿಗೇ ಸೀತಾರಾಮಪ್ಪ, "ಇರ್ಲಿ, ಇಟ್ಕೋ. ಆದ್ರೆ ಆ ಮಗ್ಗದಿಂದ ನನ್ನ ಮನೆಗೆ ಒಂದು ಗೀಟು ಬಿದ್ರೂ ಅವತ್ತೇ ಬಿಚ್ಚಿಸಿ ಬೀದಿಗೆ ಹಾಕಿಸ್ತೀನಿ, ಈಗ್ಲೇ ಹೇಳಿವ್ನಿ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅತ್ತೆಯೂ ನಕ್ಕಂತೆ ಮಾಡಿದ್ದಳು.

ಆಷಾಢದ ಗಾಳಿ ಬಸ್ಸನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಹಿಂದೂಪುರದ ಮನೆಯಲ್ಲಿ ಈ ಗಾಳಿ ಬಂತೆಂದರೆ ತಾತ ಹುಚ್ಚನಾಗಿಬಿಡುತ್ತಿದ್ದ. ಒಣಗಾಳಿ ತಗುಲಿದರೆ ಮಗ್ಗದ ಉದ್ದಕ್ಕೆ ಬಿಗಿದ ರೇಷ್ಮೆಯ ಹಾಸು ಪೆಡಸಾಗಿ ಎಳೆ ಪಟಪಟ ಕಿತ್ತುಹೋಗುತ್ತದೆ. ಅದಕ್ಕೇ ಮಗ್ಗದ ಮನೆಯಲ್ಲಿ ಒಂದು ಬಿರುಕನ್ನೂ ಉಳಿಸುತ್ತಿರಲಿಲ್ಲ. ಹೆಂಗಸರು ಒಂದು ಎಳೆ ರೇಷ್ಮೆ ಹಿಡಿದು ಗೋಡೆಯುದ್ದಕ್ಕೂ ಆಡಿಸುತ್ತ ಬರುವರು. ಎಳೆ ಎಲ್ಲಿ ನಡುಗಿತೋ ಅಲ್ಲಿ ಗಾಳಿ ಇದೆ ಎಂದು ಲೆಕ್ಕ, ತಕ್ಷಣ ರೇಷ್ಮೆಯ ಚೂರನ್ನು ಜೇನುಮೇಣದಲ್ಲಿ ನಾದಿ ಬಿರಡೆ ಮಾಡಿ ಅಲ್ಲಿ ಮೆತ್ತುವರು. ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಗೋಣಿ ಇಳಿಬಿಡುವರು. ಇಂಥ ಒಂದು ಆಷಾಢದಲ್ಲಿ ಅವನು, ಇನ್ನೂ ಚಡ್ಡಿಯ ಹುಡುಗ, ಬೀದಿಯಲ್ಲಿ ಕೋಲೆ ಬಸವ ಬಂತೆಂದು ಮಗ್ಗದ ಕಿಟಕಿ ತೆರೆದು ಹಾಗೇ ಬಿಟ್ಟು ಓಡಿದ್ದ. ಮದುವೆ ಸೀರೆಯ ಹಾಸು ಅಷ್ಟಗಲ ಕಿತ್ತುಹೋಯಿತು. ಯಾರು ತೆಗೆದದ್ದು ಎಂದು ತಾತ ಗುಡುಗಿದಾಗ, ಇನ್ನೂ ಮದುವೆಯಾಗದ ಅತ್ತೆ ನಾನೇ ತೆಗ್ದೆ ಅಂದಳು, ತಾತ ಎಸೆದ ಲಾಳಿ ಹುಬ್ಬಿನ ಮೇಲೆ ತಗುಲಿ ರಕ್ತ ಬಂತು. ಆ ಗಾಯದ ಗೆರೆ ಇವತ್ತೂ ಕುಂಕುಮದ ಪಕ್ಕದಲ್ಲಿದೆ. ಜಗತ್ತಿನಲ್ಲಿ ತನಗೋಸ್ಕರ ಏಟು ತಿಂದವರು ಒಬ್ಬರಾದರೂ ಇದ್ದಾರೆ ಎನ್ನುವುದಕ್ಕೆ ಅವನ ಬಳಿ ಇದ್ದ ಸಾಕ್ಷಿ ಅದೊಂದೇ. ಮದುವೆಯಾದ ಹೊಸತರಲ್ಲಿ ಶಿರೀಷಾಳಿಗೆ ಹೇಳಿ ಕಣ್ಣು ಒದ್ದೆ ಮಾಡಿಕೊಂಡಿದ್ದ. ಅಮ್ಮ ಇದನ್ನ ಯಾವತ್ತೂ ಹೇಳೇ ಇಲ್ವಲ್ಲ ಅಂದಿದ್ದಳು ಅವಳು.

ಅಂದುಕೊಂಡಂತೆಯೇ ಆಯಿತು. ಜಗಲಿಯ ಮೇಲೆ ಮಾವನ ಪಕ್ಕ ಬೈರಣ್ಣ ಕೂತಿದ್ದ. ಬೆಳುಗುಪ್ಪ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ಮಾವನ ಸ್ನೇಹಿತ, ಎಂಥ ಕಿಟಕಿ ಹಾಕಿಸಲಿ ಎಂದು ನೋಡಲು ಬಂದವನು, ಅಂದರೆ ಇವನ ಅವಮಾನವನ್ನು ನೋಡಲು ಬಂದವನು. ಬಂದ್ನಪ್ಪ ಗಾಜಿನ ಅಳಿಯ, ಮೊದ್ಲು ಮೇಲೋಗಿ ನೋಡ್ಕೊಂಡ್ಬಾ, ಆಮೇಲೆ ಊಟ ಅಂದರು ಮಾವ. ಮೇಲೆ ಅತ್ತೆ ಮಗ್ಗದಿಂದೆದ್ದು, ಗಿಳಿಹಸಿರು ಹಾಸಿನ ಮೇಲೆ ಬಟ್ಟೆ ಮುಚ್ಚಿ, ಚೆನ್ನಾಗಿದ್ದೀಯೇನಪ್ಪ, ಶಿರೀಷ ಬರ್ಲಿಲ್ವಾ ಎಂದು ಕೇಳಿದಳು. ಕೋಣೆ ತಣ್ಣಗಿತ್ತು, ನೆಲ ಒದ್ದೆಯಾಗಿತ್ತು. ಕಿಟಕಿಯ ಮೇಲಿನ ಸರಳಿಗೆ ಒದ್ದೆ ಗೋಣಿಚೀಲ ಮಡಚಿ ಏರಿಸಿತ್ತು. ಅದನ್ನು ನೋಡಿದ ತಕ್ಷಣ ಅವನಿಗೆ ಅರ್ಧ ಅರ್ಥವಾಯಿತು, ಉಳಿದ ಅರ್ಧ ಅರ್ಥವಾಗುವುದು ಬೇಡ ಅನ್ನಿಸಿತು. ಪಕ್ಕದ ಬಾಗಿಲಿನಿಂದ ಸಜ್ಜಕ್ಕೆ ಇಳಿದು ಕಿಟಕಿಯ ಹೊರಗಡೆ ಕುಕ್ಕರಗಾಲಲ್ಲಿ ಕೂತ. ಚೌಕಟ್ಟಿನ ಬುಡದಲ್ಲಿ ನೀರು ಹರಿದುಹೋಗಲೆಂದು ಕಂಪನಿಯವರು ತೂತು ಬಿಟ್ಟಿರುತ್ತಾರೆ. ಆ ತೂತುಗಳಿರಬೇಕಾದ ಜಾಗದಲ್ಲಿ ಒಂದೊಂದರಲ್ಲೂ ಮೇಣದ ಬಿರಡೆ. ಎಷ್ಟು ಅಚ್ಚುಕಟ್ಟಾಗಿ ಮೆತ್ತಿತ್ತೆಂದರೆ ಕಂಪನಿಯವರೇ ಮಾಡಿದ್ದಾರೆ ಅನ್ನಬೇಕು. ಗೋಣಿಯಿಂದ ದಿನವೂ ಇಳಿದ ನೀರು ಹೋಗಲು ದಾರಿಯಿಲ್ಲದೆ ಬುಡದಲ್ಲೇ ನಿಂತು, ಗಾಜಿನ ಅಂಚಿನ ಅಂಟನ್ನು ಕೊಳೆಸಿ, ನಡುವಿನ ಜಾಗಕ್ಕೆ ತೇವ ಹತ್ತಿತ್ತು. ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ, ತೂತು ಮುಚ್ಚಿದರೆ ವಾರಂಟಿ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ಇಲ್ಲಿ ಅವನೇ. ಕಿಟಕಿ ಕೂರಿಸಿದ ದಿನ ಅತ್ತೆ ಒಂದು ಎಳೆ ರೇಷ್ಮೆ ತಂದು ಇದೇ ತೂತಿನ ಮುಂದೆ ಹಿಡಿದದ್ದು, ಎಳೆ ನಡುಗಿದ್ದು, ಇದ್ಯಾಕಪ್ಪ ತೂತು ಎಂದು ಆಕೆ ಕೇಳಿದ್ದು ಎಲ್ಲ ನೆನಪಾಯಿತು. ಆಗ ಮಾವ ಪಕ್ಕದಲ್ಲಿದ್ದರು, ಇವನು ಕಂಪನಿಯ ಟೈ ಕಟ್ಟಿಕೊಂಡಿದ್ದ, ಅದೆಲ್ಲಾ ಕಂಪ್ನಿಯೋರ್ದು ಅತ್ತೆ, ನಿಂಗ್ಯಾಕೆ ಅಂದುಬಿಟ್ಟಿದ್ದ.

ಬೆರಳ ಉಗುರಿನಿಂದ ಒಂದು ಬಿರಡೆ ಕಿತ್ತ. ಮೇಣದೊಳಗೆ ಗಿಳಿಹಸಿರು ರೇಷ್ಮೆಯ ಚೂರು. ಇದು ಯಾರ ಕೈಕೆಲಸ ಎಂದು ಊರಿನ ಕುರುಡನೂ ಹೇಳಬಲ್ಲ. ಅದನ್ನು ಬೆಳಕಿಗೆ ಎತ್ತಿ ಹಿಡಿದು ಎದ್ದುನಿಂತರೆ ಗಾಜಿನ ಆಚೆ ಅತ್ತೆ ನಿಂತಿದ್ದಳು. ಮಂಜು ಗಾಜಿನ ಎದೆಮಟ್ಟ ಮಾತ್ರ ಏರಿತ್ತು, ಅದರ ಮೇಲೆ ಆಕೆಯ ಮುಖ, ಹುಬ್ಬಿನ ಗೆರೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಆಕೆ ಅವನ ಕೈಯನ್ನು ನೋಡಿದಳು. ತುಟಿ ಅಲುಗಿತು. ಜೋಡಿಗಾಜಿನ ಗುಣವೇ ಅದು, ಒಂದಕ್ಷರವೂ ಈಚೆಗೆ ಬರಲಿಲ್ಲ. ಬಂದಿದ್ದರೂ ಆಕೆ ಏನು ಹೇಳಬಹುದಿತ್ತು? ಮಗ್ಗ ಹೋಗ್ತದೆ ಕಣಪ್ಪ, ಅಷ್ಟೇ ತಾನೇ. ಅವನು ತಲೆಯಾಡಿಸಿದ. ಹೂಂ, ಗೊತ್ತಾಯ್ತು, ಹೇಳಲ್ಲ ಎಂದು ತಲೆಯಾಡಿಸಿ, ಬಿರಡೆಯನ್ನು ಆಕೆಗೆ ಕಾಣುವಂತೆ ಅಂಗಿಯ ಜೇಬಿಗೆ ಹಾಕಿಕೊಂಡ. ಅತ್ತೆಯ ಮುಖ ಸಡಿಲವಾಯಿತು. ಕೆಳಗಿಳಿಯುವಾಗ ಎಷ್ಟೋ ದಿನದಿಂದ ಇಲ್ಲದ ಒಂದು ಹಗುರ ಅವನ ಕಾಲಲ್ಲಿತ್ತು. ಅಂಟೇ ಸರಿಯಿರಲಿಲ್ಲ ಎಂದು ಬರೆದು ಕಂಪನಿಯ ತಲೆಯ ಮೇಲೆ ಗೂಬೆ ಕೂರಿಸಿದರಾಯಿತು, ಹೊಸ ಗಾಜು ಬರುತ್ತದೆ. ಕೂರಿಸುವಾಗ ಉಳಿದ ಬಿರಡೆಗಳನ್ನೂ ತಾನೇ ಕಿತ್ತು, ಅತ್ತೆಗೆ ನಿಧಾನವಾಗಿ ತಿಳಿಸಿ ಹೇಳಬೇಕು. ಹಳೆಯ ಏಟಿನ ಋಣ ಇಷ್ಟು ಸುಲಭದಲ್ಲಿ ತೀರುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಕೆಳಗೆ ಮಾವ ಬೈರಣ್ಣನಿಗೆ ಜೋಡಿಗಾಜಿನ ಮಹಿಮೆ ವಿವರಿಸುತ್ತಿದ್ದರು. ಎರಡು ಗಾಜಂತೆ ಕಣಪ್ಪ, ನಡುವೆ ಏನೈತೆ ಅಂದ್ರೆ ಗಾಳಿಯಂತೆ, ನಮ್ಮಳಿಯ ನಮಗೆ ಗಾಳಿ ಮಾರಿದ್ನಪ್ಪ, ಕಲ್ಯಾಣದುರ್ಗದಾಗೆ ಗಾಳಿಗೇನು ಬರ ಇತ್ತಾ ಅಂದರು. ಬೈರಣ್ಣ ಹೊಟ್ಟೆ ಕುಣಿಸಿ ನಕ್ಕ. ಆನಂದಕುಮಾರನೂ ನಕ್ಕ, ಅಳಿಯನಾದವನು ನಗಬೇಕಾದ ಜಾಗ ಅದು. ಕಂಪನಿಯದೇ ತಪ್ಪು ಮಾವ, ಬದಲಾಯಿಸಿ ಕೊಡ್ತಾರೆ ಎಂದ. ಅಷ್ಟಕ್ಕೆ ಮುಗಿಯಬೇಕಿತ್ತು. ಮಾವ ಮುಗಿಸಲಿಲ್ಲ. ಕಂಪ್ನಿ ತಪ್ಪೋ ಕೂರಿಸಿದೋನ ತಪ್ಪೋ ಯಾರಿಗ್ಗೊತ್ತು ಅಂದರು. ಇವರಪ್ಪನೂ ಹಿಂಗೇ, ಕೈ ಹಾಕಿದ್ದೊಂದೂ ನೆಟ್ಟಗೆ ಆಗ್ಲಿಲ್ಲ ಅಂದರು. ಆನಂದಕುಮಾರ ಜೇಬಿನ ಮೇಲೆ ಕೈಯಿಟ್ಟುಕೊಂಡ. ಮೇಣ ಮೈಬಿಸಿಗೆ ಮೆತ್ತಗಾಗಿತ್ತು. ಮೆಟ್ಟಿಲ ಮೇಲೆ ಅತ್ತೆ ಮಜ್ಜಿಗೆಯ ಲೋಟಗಳನ್ನು ಹಿಡಿದು ಇಳಿಯುತ್ತಿದ್ದಳು. ಆಗ ಮಾವ ಬೈರಣ್ಣನ ತೊಡೆಗೆ ತಟ್ಟಿ, ಗುಟ್ಟು ಹೇಳುವವರ ಹಾಗೆ ಬಾಗಿ, ಬೀದಿಗೆಲ್ಲ ಕೇಳುವಂತೆ ಅಂದರು: "ಗಾಜಿಗಾದ್ರೆ ಹತ್ತು ವರ್ಷ ವಾರಂಟಿ ಕೊಟ್ಟವ್ನೆ. ಮಗಳ್ನ ಕೊಟ್ವಲ್ಲ, ಅದುಕ್ಕೆ ಯಾವ ವಾರಂಟಿ ಐತೆ ಹೇಳು. ಇಷ್ಟು ವರ್ಷ ಆಯ್ತು, ಒಳಗೇನೂ ಕಾಣ್ತಾನೇ ಇಲ್ಲ."

ಶಿರೀಷಾ ಫೋನಿನ ಮಾತಲ್ಲಿ ನುಂಗಿಕೊಂಡದ್ದು ಇದನ್ನೇ. ಅವನಿಗೆ ಅವಳ ನೆನಪಾಯಿತು, ಮಕ್ಕಳಾಗಲಿಲ್ಲವೆಂದು ತೋರಿಸಲು ಹೋದ ಅನಂತಪುರದ ಆಸ್ಪತ್ರೆಯ ಬೆಂಚಿನ ಮೇಲೆ ಸೆರಗು ಬೆರಳಿಗೆ ಸುತ್ತಿಕೊಂಡು ಕೂತ ಶಿರೀಷಾ, ಹೆಸರು ಕೂಗಿದರೆ ಬೆಚ್ಚಿಬೀಳುವ ಶಿರೀಷಾ. ಅವಳಿಗೋಸ್ಕರವೇ ಕೋಪ ಬಂತು ಎಂದು ಆಮೇಲೆ ಎಷ್ಟೋ ದಿನ ಅವನು ತನಗೆ ತಾನೇ ಹೇಳಿಕೊಂಡ. ಸುಳ್ಳು. ಬೈರಣ್ಣ ನಗದೆ, ಪಾಪ ಅನ್ನುವ ಹಾಗೆ ನೋಡಿದನಲ್ಲ, ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಕೈ ಜೇಬಿಗೆ ಹೋದದ್ದು ಗೊತ್ತಾಯಿತು, ಹೊರಗೆ ಬಂದದ್ದು ಗೊತ್ತಾಗಲಿಲ್ಲ. ಬಿರಡೆ ಅಂಗೈಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ನನ್ನ ಗಾಜಿಗೇನೂ ಆಗಿಲ್ಲ ಮಾವ, ನಾನು ಕೂರ್ಸಿದ್ದೂ ನೆಟ್ಟಗೇ ಐತೆ, ನೀರು ಹೋಗೋ ತೂತಿಗೆ ಮನೆಯೋರೇ ಮೇಣ ಮೆತ್ತವ್ರೆ ಎಂದು ತನ್ನ ದನಿ ಹೇಳುತ್ತಿರುವುದನ್ನು ಅವನು ಕೇಳಿಸಿಕೊಂಡ. ಮನೆಯೋರು ಅಂದ್ರೆ ಯಾರು ಎಂದು ಮಾವ ಕೇಳಿದರು. ಕೇಳುವ ಅಗತ್ಯವೇ ಇರಲಿಲ್ಲ, ಹಸಿರು ರೇಷ್ಮೆ ಕಾಣುತ್ತಿತ್ತಲ್ಲ. ಆದರೂ ಕೇಳಿದರು. ಆನಂದಕುಮಾರ ಮೆಟ್ಟಿಲ ಕಡೆಗೆ ಬೆರಳು ತೋರಿಸಿದ.

ಅತ್ತೆ ಲೋಟಗಳನ್ನು ಚೆಲ್ಲಲಿಲ್ಲ. ಬಂದು ಮೂವರಿಗೂ ಕೊಟ್ಟಳು. ಮಾವ ಆಕೆಯನ್ನು ಬೈಯಲೂ ಇಲ್ಲ, ಕೂಗಾಡಲೂ ಇಲ್ಲ. "ಇಂಟಿ ದೊಂಗನಿ ಈಶ್ವರುಡೈನಾ ಪಟ್ಟಲೇಡು" ಎಂದು ತೆಲುಗಿನಲ್ಲಿ ಅಂದು ಮಜ್ಜಿಗೆ ಕುಡಿದರು. ಮನೆಯೊಳಗಿನ ಕಳ್ಳನನ್ನು ಈಶ್ವರನೂ ಹಿಡಿಯಲಾರ. ಆದರೆ ಅಳಿಯ ಹಿಡಿದುಕೊಟ್ಟಿದ್ದ. ಲೋಟ ಕೆಳಗಿಟ್ಟು ಬೈರಣ್ಣನಿಗೆ, ನಿನ್ನ ಮನೆ ಕೆಲಸದ ಬಡಗಿಗಳ್ನ ಒಂದು ಗಳಿಗೆ ಕಳಿಸ್ಕೊಡು ಅಂದರು. ಆ ಮಾತು ಎಷ್ಟು ಸಿದ್ಧವಾಗಿ ಬಂತೆಂದರೆ, ಮಾವನಿಗೆ ಗಾಜು ಬೇಕೇ ಇರಲಿಲ್ಲ ಎಂದು ಆನಂದಕುಮಾರನಿಗೆ ಆಗ ಹೊಳೆಯಿತು. ತಿಂಗಳುಗಟ್ಟಲೆ ಆ ಒದ್ದೆ ಗೋಣಿಯನ್ನು ಮಾವ ನೋಡಿರಲಿಲ್ಲವೇ? ಹೆಂಡತಿಗೆ ಕೊಟ್ಟ ಮಾತನ್ನು ತಾವೇ ಮುರಿಯಲು ಮನಸ್ಸು ಒಪ್ಪದೆ, ಮುರಿದುಕೊಡುವವನೊಬ್ಬ ಬರಲೆಂದು ಕಾದಿದ್ದರು. ಹಳ್ಳ ತೋಡಿಟ್ಟಿದ್ದರು, ಇವನು ಟೇಪು ಹಿಡಿದುಕೊಂಡು ಬಂದು ಅಳತೆ ಸರಿಯಾಗಿ ಬಿದ್ದ.

ಊಟಕ್ಕೆ ಮಾವ ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅಲ್ಲುಡುಗಾರಿಕಿ ಇಂಕೊಂಚೆಂ ನೆಯ್ಯಿ, ಅಳಿಯನವರಿಗೆ ಇನ್ನೊಂಚೂರು ತುಪ್ಪ, ಎಂದು ಹಾಕಿಸಿದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಅಳಿಯನಿಗೆ ಗೌರವ ಬಂದದ್ದು ಅದೇ ಮೊದಲು. ಅತ್ತೆ ಬಡಿಸಿದಳು, ಎರಡನೇ ಸಲ ಬೇಕಾ ಎಂದು ಕೇಳಿದಳು. ಮೇಲಿನಿಂದ ಮರ ಬಿಚ್ಚುವ ಸದ್ದು ಬರುತ್ತಿತ್ತು. ಕಿಟಕಿಗಳೆಲ್ಲ ಭದ್ರವಾಗಿದ್ದವು, ಸದ್ದು ಹೊರಗೆ ಹೋಗದೆ ಮನೆಯೊಳಗೇ ಸುತ್ತುತ್ತಿತ್ತು. ಅವನು ಎಲೆಯಲ್ಲಿ ತುಪ್ಪದ ಅನ್ನದ ಒಂದಗುಳೂ ಬಿಡಲಿಲ್ಲ. ಗೌರವ ಕೊಟ್ಟು ಹಾಕಿದ್ದಲ್ಲವೇ. ಬೈರಣ್ಣ ಕೈ ತೊಳೆಯುತ್ತ, ಹಂಗಾದ್ರೆ ಗಾಜಲ್ಲೇನೂ ದೋಷ ಇಲ್ಲ ಅಂದಂಗಾಯ್ತು, ನಮ್ಮನೆಗೂ ಹಾಕ್ಬುಡಪ್ಪ, ಬಾ ಅಳತೆ ತಗೊಂಡೋಗು ಅಂದ.

ಹೊರಡುವ ಮುಂಚೆ ಅವನು ಮೇಲೆ ಹೋದ. ಹೋಗದೆಯೂ ಇರಬಹುದಿತ್ತು. ಮಗ್ಗದ ಕಂಬಗಳನ್ನು ಹಗ್ಗ ಕಟ್ಟಿ ಮೂಲೆಗಿಟ್ಟಿದ್ದರು, ಅರ್ಧ ನೇಯ್ದ ಗಿಳಿಹಸಿರು ಸೀರೆಯನ್ನು ಹಾಸಿನ ಸಮೇತ ಕತ್ತರಿಸಿ ಸುತ್ತಿಟ್ಟಿತ್ತು. ಬಡಗಿಗಳು ಕತ್ತರಿಸಿದರೋ ಅತ್ತೆಯೇ ಕತ್ತರಿಸಿದಳೋ, ಅಂಚು ನೋಡಿದರೆ ಗೊತ್ತಾಗುತ್ತಿರಲಿಲ್ಲ. ಆಕೆ ಸಜ್ಜದಲ್ಲಿ ಕೂತು ತಲೆಯ ಪಿನ್ನಿನಿಂದ ಉಳಿದ ಬಿರಡೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕೆಸರಿನ ಬಣ್ಣದ ನೀರು ತೂತಿನಿಂದ ಸುರಿದು ಗೋಡೆಯ ಮೇಲೆ ಇಳಿಯುತ್ತಿತ್ತು. ಅವನು ಪಕ್ಕದಲ್ಲಿ ಕುಕ್ಕರಿಸಿದ. ಏನಾದರೂ ಹೇಳಬೇಕಿತ್ತು, ಹೇಳಲು ಅವನ ಬಳಿ ಇದ್ದದ್ದು ಆ ಒಂದೇ ಹಳೆಯ ಮಾತು. "ಅವತ್ತು ನೀನು ನನಗೋಸ್ಕರ ಏಟು ತಿಂದೆ ಅತ್ತೆ. ನಾನೇ ತೆಗ್ದೆ ಅಂದ್ಬುಟ್ಟು. ಇವತ್ತು ನನ್ನ ಕೈಲಿ ಆಗ್ಲಿಲ್ಲ."

ಅತ್ತೆ ಪಿನ್ನು ನಿಲ್ಲಿಸಿ ಅವನನ್ನು ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

"ನಾನೆಲ್ಲಿ ಹಂಗಂದೆ?" ಅಂದಳು. "ಯಾರು ತೆಗ್ದಿದ್ದು ಅಂತ ನಮ್ಮಪ್ಪ ಕೇಳ್ತು. ನೀನು ನನ್ನ ಕಡೆ ಬೆರಳು ತೋರ್ಸ್ದೆ ಕಣಪ್ಪ. ನಾನು ಸುಮ್ನಿದ್ದೆ. ಮಗು, ಎದ್ರುಕೊಂಡೈತೆ ಅಂತ ಅಂದ್ಕೊಂಡೆ."

ಅವನು ಅಲ್ಲ ಅನ್ನಲು ಬಾಯಿ ತೆರೆದ. ಇಷ್ಟು ವರ್ಷ ಒರೆಸಿ ಒರೆಸಿ ಹೊಳಪು ಮಾಡಿಟ್ಟುಕೊಂಡಿದ್ದ ಆ ದಿನ ಕಣ್ಣ ಮುಂದೆ ಬಂತು. ತಾತ, ಎಸೆದ ಲಾಳಿ, ರಕ್ತ, ಎಲ್ಲ ಇತ್ತು. ನಾನೇ ತೆಗ್ದೆ ಎಂಬ ಮಾತನ್ನು ಮಾತ್ರ ಅತ್ತೆಯ ದನಿಯಲ್ಲಿ ಕೇಳಲು ಎಷ್ಟು ಪ್ರಯತ್ನಪಟ್ಟರೂ ಅದು ಶಿರೀಷಾಳಿಗೆ ಕಥೆ ಹೇಳಿದ ತನ್ನ ದನಿಯಲ್ಲೇ ಕೇಳುತ್ತಿತ್ತು. ಬೆರಳಿನ ತುದಿ ಬೆಚ್ಚಗಾಯಿತು.

ಅತ್ತೆ ಕಿತ್ತ ಬಿರಡೆಗಳನ್ನೆಲ್ಲ ಉಂಡೆ ಮಾಡಿ ಅವನ ಅಂಗೈಗೆ ಹಾಕಿದಳು. "ತಗೊಂಡೋಗು, ಕಂಪ್ನಿಯೋರು ಕೇಳಿದ್ರೆ ತೋರ್ಸು. ಇನ್ನ ಎಷ್ಟು ಗಾಳಿ ಬಂದ್ರೂ ಈ ರೂಮ್ನಾಗೆ ಕಿತ್ತೋಗಾದು ಏನೂ ಇಲ್ಲ" ಎಂದು ಎದ್ದು, ಮಂಡಿ ಒರೆಸಿಕೊಂಡು ಒಳಗೆ ಹೋದಳು.

ಬೈರಣ್ಣನ ಮನೆ ಇನ್ನೂ ಗಾರೆ ಕಾಣದ ಇಟ್ಟಿಗೆಯಲ್ಲಿತ್ತು, ಕಿಟಕಿಗೆ ಬಿಟ್ಟ ಖಾಲಿ ಜಾಗಗಳಲ್ಲಿ ಆಷಾಢದ ಗಾಳಿ ಹೊಕ್ಕು ಹೊರಡುತ್ತಿತ್ತು. ಆನಂದಕುಮಾರ ಒಂದೊಂದನ್ನೂ ಎರಡೆರಡು ಸಲ ಅಳೆದ. ಟೇಪು ಸುತ್ತುವಾಗ ಬೈರಣ್ಣ, ನಾವೇನಾದ್ರೂ ಎಚ್ಚರಿಕೆ ತಗೋಬೇಕೇನಪ್ಪ, ಆಮೇಲೆ ವಾರಂಟಿ ಇಲ್ಲ ಅನ್ಬಾರ್ದು ಎಂದು ಕೇಳಿದ.

"ಕೆಳಗಡೆ ತೂತು ಇರ್ತವೆ ಅಣ್ಣ. ನೀರು ಹೋಗಕ್ಕೆ. ಅವನ್ನ ಮುಚ್ಚಬ್ಯಾಡಿ."

"ಅಷ್ಟೇನಾ?" ಅಂದ ಬೈರಣ್ಣ.

"ಅಷ್ಟೇ" ಅಂದ ಆನಂದಕುಮಾರ.